ಕೊಪ್ಪರಿಗೆಯಲ್ಲಿ ಚಕ್ರ

ಹೊಸ ಮೋಟಾರ್‌ಸೈಕಲ್ಲಿನ ಹಿಂದಿನ ಚಕ್ರ ಮತ್ತೆ ನೆಲಕ್ಕೆ ಕೂತಿತ್ತು. ಕೊಂಡು ಎರಡು ತಿಂಗಳೂ ಆಗಿಲ್ಲ, ಟ್ಯಾಂಕಿನ ಮೇಲಿನ ಹೊಳಪು ಹಾಗೇ ಇದೆ, ಆಗಲೇ ಇದು ಎಷ್ಟನೆಯ ಸಲವೋ. ಸುಮಿತ್ರಳಿಗೆ ಅದಕ್ಕೊಂದು ಒದೆ ಕೊಡೋಣ ಅನ್ನಿಸಿತು. ಕೊಡಲಿಲ್ಲ. ತಿರುವನಂತಪುರದ ಆ ಓಣಿಯಲ್ಲಿ ಎಲ್ಲ ವರಾಂಡಗಳ ಕಣ್ಣುಗಳೂ ಅವಳ ಮೇಲೇ ಇದ್ದವು. ಹೆಣ್ಣೊಬ್ಬಳು ಮೋಟಾರ್‌ಸೈಕಲ್ ಓಡಿಸುವುದನ್ನು ನೋಡಿ ನೋಡಿ ಬೇಜಾರಾಗಿದ್ದ ಜನಕ್ಕೆ ಈಗ ಅದು ಕೆಟ್ಟು ನಿಲ್ಲುವುದನ್ನು ನೋಡುವ ಸುಖ ಸಿಕ್ಕಿತ್ತು. ಅದಕ್ಕಿಂತ ಹೆಚ್ಚಿನ ಸುಖ ಕೊಡುವ ಮನಸ್ಸು ಅವಳಿಗಿರಲಿಲ್ಲ.

ಸುಮಿತ್ರ ಕಾಸರಗೋಡಿನ ಕಡೆಯವಳು. ಕಡಲ ದಂಡೆಯ ಒಂದು ಸರ್ಕಾರಿ ಲ್ಯಾಬಿನಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್. ರಾಕೆಟ್ಟಿಗೆ ಹೋಗುವ ಉಕ್ಕಿನ ತೊಟ್ಟಿಗಳಿಗೆ ಗಾಳಿ ತುಂಬಿಸಿ, ನೀರಿನಲ್ಲಿ ಮುಳುಗಿಸಿ, ಎಲ್ಲಿಂದ ಗುಳ್ಳೆ ಬರುತ್ತದೆಂದು ಕಾದು ನೋಡುವುದು ಅಲ್ಲಿಯ ಕೆಲಸ. ಬಿಸಿಲೇರಿದರೆ ಒತ್ತಡದ ಲೆಕ್ಕ ತಪ್ಪುತ್ತದೆಂದು ಪರೀಕ್ಷೆ ಬೆಳಗ್ಗೆ ಆರಕ್ಕೇ ಶುರುವಾಗುತ್ತಿತ್ತು. ಆರು ಗಂಟೆಯ ಪಾಳಿಗೆ ಹೆಂಗಸರನ್ನು ಯಾರೂ ಹಾಕಿರಲಿಲ್ಲ. ಅವರನ್ನು ಕರೆತರಲು ವಾಹನವಿಲ್ಲ, ಗಂಡಸರ ಹಾಸ್ಟೆಲಿನಿಂದ ಬರುವ ವ್ಯಾನಿಗೆ ಹತ್ತಿಸುವ ಪದ್ಧತಿಯಿಲ್ಲ, ಇಲ್ಲಗಳಿಗೇನು ಬರವೇ? ಸುಮಿತ್ರ ಅದನ್ನೆಲ್ಲ ಕೇಳಿ, “ನನ್ನ ಗಾಡಿಯಲ್ಲಿ ನಾನೇ ಬರ್ತೇನೆ, ಆಗುದಾ?” ಅಂದಿದ್ದಳು. ವಿಭಾಗದ ಮುಖ್ಯಸ್ಥ ಶ್ರೀಕಂಠ ಮೈಸೂರಿನವರು. ಆಗುವುದಿಲ್ಲ ಅನ್ನಲು ಅವರಿಗೆ ಆ ಹೊತ್ತಿಗೆ ಕಾರಣ ಹೊಳೆಯಲಿಲ್ಲ.

ಈಗ ಕಾರಣ ಅದಾಗೇ ಸಿಕ್ಕಿತ್ತು. ಚಕ್ರದ ದೆಸೆಯಿಂದ ಅವಳು ಎರಡು ಸಲ ತಡವಾಗಿ ಬಂದಿದ್ದಳು. ಎರಡನೆಯ ಸಲ ಶ್ರೀಕಂಠ ಸಿಟ್ಟಾಗಲಿಲ್ಲ, ಅದೇ ಅವಳನ್ನು ಹೆದರಿಸಿದ್ದು. “ನೋಡಿ ಸುಮಿತ್ರ, ತೊಟ್ಟಿ ನಮಗೋಸ್ಕರ ಕಾಯಲ್ಲ. ಇನ್ನೊಂದ್ಸಲ ಲೇಟಾದ್ರೆ ಡ್ರಾಯಿಂಗ್ ಹಾಲ್‌ಗೆ ವಾಪಸ್ ಹೋಗ್ಬಿಡಿ. ಅಲ್ಲಿ ಹತ್ತು ಗಂಟೆಗೆ ಬಂದ್ರೂ ನಡಿಯತ್ತೆ” ಅಂದಿದ್ದರು.

ಡ್ರಾಯಿಂಗ್ ಹಾಲಿನಲ್ಲಿ ಅವಳು ನಾಲ್ಕು ವರ್ಷ ಬೇರೆಯವರು ಬರೆದ ಗೆರೆಗಳ ಮೇಲೆ ಗೆರೆ ಎಳೆದಿದ್ದಳು. ವಾಪಸ್ ಹೋದರೆ ಮತ್ತೆ ಆಚೆ ಬರುವುದಿಲ್ಲವೆಂದು ಅವಳಿಗೂ ಗೊತ್ತು, ಅವರಿಗೂ ಗೊತ್ತು. ಅವಳಷ್ಟೇ ಅಲ್ಲ, ಅವಳ ಹಿಂದೆ ಯಾವ ಹುಡುಗಿಯೂ ಬರುವುದಿಲ್ಲ. “ಒಬ್ಬಳನ್ನು ಹಾಕಿ ನೋಡಿದ್ವಲ್ಲ” ಅನ್ನುವ ಮಾತು ಇಪ್ಪತ್ತು ವರ್ಷಕ್ಕೆ ಸಾಕಾಗುತ್ತದೆ. ಇವತ್ತು ಗುರುವಾರ, ಪಾಳಿ ಮುಗಿಸಿ ಬಂದ ಮೇಲೆ ಚಕ್ರ ಕೂತದ್ದು ಅವಳ ಪುಣ್ಯ. ಶುಕ್ರವಾರದಿಂದ ಭಾನುವಾರದವರೆಗೆ ಅವಳಿಗೆ ಪಾಳಿಯಿಲ್ಲ. ಮುಂದಿನದು ಸೋಮವಾರ ಬೆಳಗ್ಗೆ.

ಬೈಕು ಮಾರಿದ ಡೀಲರ್ ಇದ್ದದ್ದು ಎರ್ನಾಕುಳಂನಲ್ಲಿ. ಅವನ ಒಂದು ಸಣ್ಣ ಸರ್ವಿಸ್ ಅಂಗಡಿ ತಿರುವನಂತಪುರದಲ್ಲಿತ್ತು. ಅಲ್ಲಿಯವರು ಪ್ರತಿ ಸಲ ಟ್ಯೂಬು ಹೊರಗೆಳೆದು, ಅದಕ್ಕೆ ಸ್ವಲ್ಪ ಗಾಳಿ ಹಾಕಿ, ಬೇಸಿನ್ನಿನಲ್ಲಿ ಮುಳುಗಿಸಿ, ಗುಳ್ಳೆ ಬರಲಿಲ್ಲವೆಂದು ತೋರಿಸಿ, ಅದನ್ನೇ ವಾಪಸ್ ತುರುಕಿ ಕಳಿಸುತ್ತಿದ್ದರು. ಟ್ಯೂಬ್ ಸರಿ, ರಿಮ್ ಸರಿ, ಹಾಗಾದರೆ ತಪ್ಪು ಯಾರದು? ಓಡಿಸುವವಳದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ಎಲ್ಲ ಊರಿನಲ್ಲೂ ಇರುತ್ತಾನೆ.

ಆ ಸಂಜೆ ಸುಮಿತ್ರ ತಾನೇ ಸ್ಪ್ಯಾನರ್ ಹಿಡಿದು ಕೂತಳು. ಚೈನ್ ಕಳಚಿ, ಚಕ್ರ ಇಳಿಸಿ, ಟ್ಯೂಬು ತೆಗೆದಳು. ಮೈಯೆಲ್ಲ ಹುಡುಕಿದ ಮೇಲೆ ಸೂಜಿಮೊನೆಯಂಥ ಒಂದು ತೂತು ಸಿಕ್ಕಿತು. ಅದು ರಸ್ತೆಯ ಕಡೆ ಇರಲಿಲ್ಲ, ಒಳಗೆ ರಿಮ್ಮಿನ ಕಡೆ ಇತ್ತು. ಮೊಳೆ ಚುಚ್ಚಿದ್ದಾದರೆ ಹೊರಗಿನಿಂದ ಚುಚ್ಚಬೇಕಿತ್ತಲ್ಲ? ಟ್ಯೂಬನ್ನು ರಿಮ್ಮಿನ ಮೇಲೆ ಇದ್ದ ಹಾಗೇ ಇಟ್ಟು ನೋಡಿದಳು. ತೂತು ಬಂದು ನಿಂತದ್ದು ರಿಮ್ಮಿನ ಎರಡು ತುದಿಗಳನ್ನು ಸೇರಿಸಿ ಬೆಸುಗೆ ಹಾಕಿದ ಜಾಗದ ಮೇಲೆ. ಅಲ್ಲಿ ರಬ್ಬರ್ ಪಟ್ಟಿ ಸರಿಸಿ ಬೆರಳಾಡಿಸಿದರೆ ಭತ್ತದ ಸುಂಕಿನ ಹಾಗೆ ಚೂಪಾಗಿ ಏನೋ ತಗುಲಿತು. ಸುಂಕು ಮಾತ್ರವಾಗಿದ್ದರೆ ಅರ ಹಾಕಿ ಉಜ್ಜಿ ಮುಗಿಸುತ್ತಿದ್ದಳು. ಉಗುರು ಇಟ್ಟು ಎಳೆದಾಗ ಬೆಸುಗೆಯ ಉದ್ದಕ್ಕೂ ಒಂದು ಸೀಳು ಸಿಕ್ಕಿತು. ಭಾರ ಬಿದ್ದಾಗ ಸೀಳು ಬಾಯಿ ಬಿಡುತ್ತದೆ, ಅಂಚು ಎದ್ದು ಟ್ಯೂಬನ್ನು ಚುಚ್ಚುತ್ತದೆ, ಗಾಳಿ ಅದೇ ಸೀಳಿನಿಂದ ಹೊರಗೆ ಹೋಗುತ್ತದೆ. ಸೋರುತ್ತಿದ್ದದ್ದು ರಿಮ್ಮೇ. ಇನ್ನೊಂದು ತಿಂಗಳು ಓಡಿಸಿದ್ದರೆ ಅದು ಕಡಲದಾರಿಯಲ್ಲಿ ಎರಡಾಗಿ ಬಿಚ್ಚಿಕೊಳ್ಳುತ್ತಿತ್ತು.

ಸುಮಿತ್ರಳಿಗೆ ಭಯವಾಗಬೇಕಿತ್ತು. ಆದದ್ದು ಸಂತೋಷ. ತಪ್ಪು ತನ್ನದಲ್ಲ!

ಟ್ಯೂಬು, ಟೈರುಗಳನ್ನು ರಿಮ್ಮಿಗೆ ಮೊದಲಿನಂತೆ ಜೋಡಿಸಿ, ಬೈಕನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿ, ಶುಕ್ರವಾರ ಆ ಚಕ್ರವನ್ನು ಹೊತ್ತು ಅವಳು ಎರ್ನಾಕುಳಂ ಬಸ್ಸು ಹತ್ತಿದಳು. ಹೆಂಗಸರ ಸೀಟಿನಲ್ಲಿ ಚಕ್ರ ಇಡುವ ಹಾಗಿಲ್ಲವೆಂದು ಕಂಡಕ್ಟರ್ ತಗಾದೆ ತೆಗೆದ. “ಇದು ನನ್ನ ಮಡಿಲಲ್ಲಿ ಕೂರ್ತದೆ, ಸೀಟಿನಲ್ಲಿ ಅಲ್ಲ” ಅಂದಳು ಅವಳು ತನ್ನ ಕಾಸರಗೋಡಿನ ಮಲಯಾಳದಲ್ಲಿ. ಬಸ್ಸೆಲ್ಲ ನಕ್ಕಿತು, ಮಾತಿಗೋ ಉಚ್ಚಾರಕ್ಕೋ ಗೊತ್ತಾಗಲಿಲ್ಲ. ಆಲಪ್ಪುಳ ದಾಟುವ ಹೊತ್ತಿಗೆ ಅವಳ ತೊಡೆ ಮರಗಟ್ಟಿತ್ತು, ಆದರೂ ಚಕ್ರವನ್ನು ಕೆಳಗಿಡಲಿಲ್ಲ.

ಅಣ್ಣ ಸುಬ್ರಾಯ ಇದ್ದದ್ದು ಎರ್ನಾಕುಳಂ ಮಗ್ಗುಲಿನ ವಿಲ್ಲಿಂಗ್ಡನ್ ಐಲ್ಯಾಂಡಿನ ಪೋರ್ಟ್ ಕ್ವಾರ್ಟರ್ಸಿನಲ್ಲಿ. ಬಾಗಿಲು ತೆರೆದವನು ತಂಗಿಯನ್ನು ನೋಡಿದ, ಚಕ್ರ ನೋಡಿದ, ಮತ್ತೆ ತಂಗಿಯನ್ನು ನೋಡಿದ.

“ಎಂತ ಮಾರಾಯ್ತಿ ಇದು? ಬಾಕಿದ್ದದ್ದು ಎಲ್ಲಿ?”

“ಬಾಕಿದ್ದದ್ದಕ್ಕೆ ಏನೂ ಆಗ್ಲಿಲ್ಲ. ಕೆಟ್ಟದ್ದನ್ನು ಮಾತ್ರ ತಂದೆ.”

ಸುಬ್ರಾಯ ಒಳ್ಳೆಯವನೇ. ತಂಗಿಯ ಮೇಲೆ ಪ್ರೀತಿ ಇತ್ತು, ತಂಗಿಯ ಬೈಕಿನ ಮೇಲೆ ಇರಲಿಲ್ಲ. ಡೀಲರ್ ಹೆಂಗಸಿನ ಹೆಸರಿಗೆ ಬುಕಿಂಗ್ ಬರೆದುಕೊಳ್ಳಲು ಹಿಂದೆಮುಂದೆ ನೋಡಿದ್ದರಿಂದ ಬೈಕು ಅವನ ಹೆಸರಿನಲ್ಲಿತ್ತು, ದುಡ್ಡು ಮಾತ್ರ ಅವಳದು. ಅಂದಿನಿಂದ ಅವನಿಗೆ ನೆಂಟರ ಮುಂದೆ ಉತ್ತರ ಕೊಡುವುದೇ ಒಂದು ಉದ್ಯೋಗವಾಗಿತ್ತು. ಹೋದ ತಿಂಗಳು ನೋಡಲು ಬಂದ ಗಂಡಿನ ಕಡೆಯವರು ಬೈಕಿನ ವಿಷಯ ಕೇಳಿ ಕಾಫಿ ಅರ್ಧಕ್ಕೇ ಬಿಟ್ಟು ಎದ್ದಿದ್ದರು.

“ನಮ್ಮ ಆಫೀಸಿನ ದಿನಕರ ಬೈಕನ್ನು ಈಗ ಕೊಟ್ರೆ ಈಗ ತಗೊಳ್ತಾನೆ” ಅಂದ ರಾತ್ರಿ ಊಟಕ್ಕೆ ಕೂತಾಗ. “ಹಟ ಯಾಕೆ? ಡ್ರಾಯಿಂಗ್ ಹಾಲಿನಲ್ಲಿ ಎಂತ ಕಮ್ಮಿ ಉಂಟು ನಿನಗೆ? ಫ್ಯಾನು ಉಂಟು, ಕುರ್ಚಿ ಉಂಟು.”

“ಫ್ಯಾನು, ಕುರ್ಚಿ ಮಾತ್ರ ಇರುದು ಅಲ್ಲಿ. ನಾಳೆ ನನ್ನೊಟ್ಟಿಗೆ ಶೋರೂಮಿಗೆ ಬರ್ತೀಯಾ ಇಲ್ವಾ?”

ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನು ನಿಸ್ಸೀಮ. ಬೆಳಗಾದಾಗ ಮಾತ್ರ ಇಸ್ತ್ರಿ ಶರ್ಟು ಹಾಕಿ ತಯಾರಾಗಿದ್ದ.

ಶೋರೂಮಿನ ಮ್ಯಾನೇಜರ್ ಕುರಿಯಾಕೋಸ್ ನಗುಮುಖದ ಮನುಷ್ಯ. ಆ ನಗು ಪೂರ್ತಿ ಸುಬ್ರಾಯನಿಗೇ ಮೀಸಲಾಗಿತ್ತು. ಸುಮಿತ್ರ ಕೇಳಿದ ಪ್ರಶ್ನೆಗೆಲ್ಲ ಅವನು “ಸಾರೇ” ಎಂದು ಸುಬ್ರಾಯನ ಕಡೆ ತಿರುಗಿ ಉತ್ತರ ಹೇಳುತ್ತಿದ್ದ. ಸೀಳಿನ ವಿಷಯ ಹೇಳಿದಳು. ಬೆಸುಗೆ ಹಾಗೇ ಇರುವುದು ಸಾರೇ, ಅದು ಸೀಳಲ್ಲ, ಗೆರೆ. ತೂತು ಒಳಗಡೆ ಇದೆ ಅಂದಳು. ಟೈರು ಹಾಕುವಾಗ ಯಾರೋ ಸ್ಪ್ಯಾನರ್ ಚುಚ್ಚಿರಬೇಕು ಸಾರೇ. ಕೊನೆಗೆ ಮೆಕ್ಯಾನಿಕ್ಕನನ್ನು ಕರೆದ. ಟ್ಯೂಬು ಹೊರಗೆ ಬಂತು, ಸ್ವಲ್ಪ ಉಬ್ಬಿತು, ಬೇಸಿನ್ನಿನಲ್ಲಿ ಮುಳುಗಿತು. ಗುಳ್ಳೆ ಬರಲಿಲ್ಲ.

“ಕಂಡಿರಲ್ಲ ಸಾರೇ? ಗುಳ್ಳೆ ಇಲ್ಲ. ಚೇಚಿ ಬ್ರೇಕು ಸ್ವಲ್ಪ ಜೋರು ಒತ್ತುತ್ತಾರೆ ಅಂತ ಕಾಣುತ್ತೆ.”

ಬಾಯಲ್ಲಿ ಚೇಚಿ, ಅಂದರೆ ಅಕ್ಕ ಎಂಬ ಮರ್ಯಾದೆ. ಕುಣಿಯಲಾರದವಳು ನೆಲ ಡೊಂಕೆಂದಳು, ಇಷ್ಟೇ ಮಾತಿನ ಅರ್ಥ. ಸುಮಿತ್ರಳ ಕಿವಿ ಬಿಸಿಯಾಯಿತು. ಆದರೆ ಸಿಟ್ಟಿನಲ್ಲಿ ತೊಟ್ಟಿ ಮುಳುಗಿಸಬಾರದೆಂದು ಲ್ಯಾಬು ಕಲಿಸಿತ್ತು.

“ಸಣ್ಣ ತೂತು ಅರ್ಧ ಗಾಳಿಗೆ ಮುಚ್ಚಿಕೊಳ್ತದೆ” ಅಂದಳು. “ನಾವು ಲ್ಯಾಬಿನಲ್ಲಿ ಬಿಡಿಬಿಡಿಯಾಗಿ ನೋಡುದಿಲ್ಲ. ಜೋಡಿಸಿದ ಹಾಗೇ, ಕೆಲಸ ಮಾಡುವಷ್ಟೇ ಗಾಳಿ ತುಂಬಿಸಿ, ಇಡೀದಾಗಿ ಮುಳುಗಿಸುದು. ಈ ಚಕ್ರವನ್ನೂ ಹಾಗೇ ಮುಳುಗಿಸಿ.”

ಕುರಿಯಾಕೋಸ್ ಮೊದಲ ಸಲ ಅವಳನ್ನು ನೇರ ನೋಡಿದ. “ಇಡೀ ಚಕ್ರ ಮುಳುಗುವ ಪಾತ್ರೆ ಯಾರ ಹತ್ತಿರ ಇರುತ್ತೆ ಚೇಚಿ? ನೀವೇ ತನ್ನಿ. ಐದು ಗಂಟೆವರೆಗೆ ನಾವು ಇಲ್ಲೇ ಇರುತ್ತೇವೆ.” ಅಂದು ಮೆಕ್ಯಾನಿಕ್ಕನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಆ ಕಣ್ಣು ಮಿಟುಕಿಸಿದ್ದನ್ನು ಸುಬ್ರಾಯನೂ ನೋಡಿದ. ಬೀದಿಗೆ ಬಂದು ಒಂದು ಸಿಗರೇಟು ಸುಟ್ಟು, “ತ್ರಿಪ್ಪುಣಿತ್ತುರದ ಅಚ್ಯುತಣ್ಣನಲ್ಲಿ ಪಾಯಸದ ಕೊಪ್ಪರಿಗೆ ಉಂಟು” ಅಂದ. ಹೇಳಿದ್ದಕ್ಕೆ ತಾನೇ ಬೆಚ್ಚಿದವನಂತೆ, “ಕೊಡುದಿಲ್ಲ ಅವ, ಕೇಳಿ ಪ್ರಯೋಜನ ಇಲ್ಲ” ಎಂದೂ ಸೇರಿಸಿದ.

ಅಚ್ಯುತ ಉಡುಪಿ ಕಡೆಯಿಂದ ಬಂದ ಅಡುಗೆಯವನು. ದೇವಸ್ಥಾನದ ಪೂಜೆಗೆಂದು ಬಂದ ಮನೆತನ, ಈಗ ಮದುವೆಮನೆಗಳ ಒಲೆ ಹೊತ್ತಿಸುತ್ತಿತ್ತು. ಅವನ ಹಿತ್ತಲಿನಲ್ಲಿ ಬೋರಲು ಹಾಕಿದ್ದ ಕಂಚಿನ ಕೊಪ್ಪರಿಗೆಯಲ್ಲಿ ಇಬ್ಬರು ಆಳುಗಳು ಎದುರುಬದುರು ಕೂರಬಹುದಿತ್ತು. ಅಣ್ಣ ತಂಗಿ ಬಂದು ಹೇಳಿದ ವಿಷಯ ಕೇಳಿ ಅವನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟ.

“ಚಕ್ರವಾ? ಊರ ಸೆಗಣಿ ಎಲ್ಲ ತುಳಿದು ಬಂದ ಚಕ್ರವನ್ನು ನನ್ನ ಪಾಯಸದ ಕೊಪ್ಪರಿಗೆಗೆ ಹಾಕುದಾ? ಸುಬ್ರಾಯ, ನಿನಗೆ ತಲೆ ಸಮ ಉಂಟಾ?”

ಸುಬ್ರಾಯ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. ಸುಮಿತ್ರ ಕದಲಲಿಲ್ಲ. “ಅಚ್ಯುತಣ್ಣ, ನಿಮ್ಮ ಪಾಯಸ ಹಳಸಿದೆ ಅಂತ ಯಾರಾದ್ರೂ ರುಚಿ ನೋಡದೆ ಹೇಳಿದ್ರೆ ಎಂತ ಮಾಡ್ತೀರಿ?”

“ನಾಲಗೆಗೆ ಇಟ್ಟು ಮಾತಾಡು ಅಂತೇನೆ.”

“ನಾನೂ ಅದನ್ನೇ ಹೇಳಿದ್ದು. ಶೋರೂಮಿನವರು ಪಾತ್ರೆ ತಾ, ಆಮೇಲೆ ನೋಡುವ ಅಂದ್ರು. ಸೋಮವಾರ ಬೆಳಗ್ಗೆ ಈ ಚಕ್ರ ತಿರುಗದಿದ್ರೆ ನನ್ನ ಕೆಲಸ ಹೋಯ್ತು. ಸಂಬಳ ಹೋಗುದಿಲ್ಲ, ಕೆಲಸ ಹೋಗ್ತದೆ. ನಿಮ್ಮನ್ನು ಒಲೆ ಹತ್ತಿರ ಬಿಡದೆ ಬರೀ ಎಲೆ ತೊಳಿ ಅಂದ ಹಾಗೆ.”

ಅಚ್ಯುತ ಕೊಪ್ಪರಿಗೆಯನ್ನು ನೋಡಿದ, ಹುಡುಗಿಯನ್ನು ನೋಡಿದ. “ಹುಣಸೆಹುಳಿ ಹಾಕಿ ತಿಕ್ಕಿದ್ರೆ ಹೋಗದ ಮೈಲಿಗೆ ಯಾವುದುಂಟು!” ಅಂದು ಹೆಗಲ ಮೇಲೆ ಪಂಚೆ ಎಳೆದುಕೊಂಡ. “ಆದ್ರೆ ನಾನೂ ಬರ್ತೇನೆ. ಪಾತ್ರೆಯನ್ನು ಒಂಟಿ ಕಳಿಸುವ ಕ್ರಮ ಇಲ್ಲ ನನ್ನಲ್ಲಿ.”

ಹೀಗೆ ಆ ಶನಿವಾರ ಮಧ್ಯಾಹ್ನ ಎರ್ನಾಕುಳಂನ ದೊಡ್ಡ ರಸ್ತೆಯಲ್ಲಿ ಟ್ಯಾಕ್ಸಿಯೊಂದು ತಲೆಯ ಮೇಲೆ ಕೊಪ್ಪರಿಗೆ ಹೊತ್ತು ಬಂತು. ಮದುವೆ ಯಾರ ಮನೆಯಲ್ಲೆಂದು ದಾರಿಯುದ್ದಕ್ಕೂ ಜನ ಕೇಳಿದರು. ಟ್ಯಾಕ್ಸಿ ಶೋರೂಮಿನ ಗಾಜಿನ ಮುಂದೆ ನಿಂತಾಗ ಕುರಿಯಾಕೋಸನ ನಗು ಅರ್ಧಕ್ಕೆ ಇಳಿಯಿತು. ಐದು ಗಂಟೆಯವರೆಗೆ ಇರುತ್ತೇನೆಂದು ಅವನೇ ಹೇಳಿದ್ದ, ಆ ಮಾತು ನುಂಗುವಂತಿರಲಿಲ್ಲ. ಶೋರೂಮಿನ ಪೈಪಿನಿಂದಲೇ ನೀರು ತುಂಬಿಸಿದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಸ್ಸು ಬಿಟ್ಟು ಇತ್ತ ಬಂದರು.

ಟ್ಯೂಬು ಹಾಕಿ ಜೋಡಿಸಿದ ಚಕ್ರಕ್ಕೆ ಪೂರ್ತಿ ಗಾಳಿ ಹಿಡಿಸಿ, ಸುಮಿತ್ರ ತೋಳು ಮಡಚಿ ಅದನ್ನು ನೀರಿನೊಳಗೆ ಅದುಮಿದಳು. ಒಂದೇ ಸಲ ಎಲ್ಲ ಕಡೆಯಿಂದ ಬುಳುಬುಳು ಗುಳ್ಳೆ ಎದ್ದವು. ಜನ ಓ ಅಂದರು.

“ಅದು ಟೈರಿನ ಸಂದಿಯಲ್ಲಿದ್ದ ಗಾಳಿ!” ಅಂದ ಕುರಿಯಾಕೋಸ್. “ಯಾವ ಚಕ್ರ ಮುಳುಗಿಸಿದರೂ ಅಷ್ಟು ಬರುತ್ತೆ.”

“ಹೌದು” ಅಂದಳು ಸುಮಿತ್ರ. “ಅದು ನಿಲ್ಲಲಿ. ಕಾಯುವ.”

ಕಾದರು. ಗುಳ್ಳೆಗಳು ವಿರಳವಾದವು, ಚಕ್ರದ ಒಂದೊಂದೇ ಕಡ್ಡಿಯ ಬುಡದಲ್ಲಿ ನಿಂತುಹೋದವು, ಕೊನೆಗೆ ನೀರು ತಿಳಿಯಾಯಿತು. ಎಲ್ಲೂ ಏನೂ ಇಲ್ಲ. ಸುಮಿತ್ರ ನೀರಿಗೆ ಇನ್ನಷ್ಟು ಬಗ್ಗಿದಳು. ಬಸ್ಸಿನ ಕುಲುಕಾಟಕ್ಕೆ ಸೀಳು ಮುಚ್ಚಿಕೊಂಡಿದ್ದರೆ? ಉಗುರಿಗೆ ಸಿಕ್ಕಿದ್ದು ಬರೀ ಗೆರೆಯೇ ಆಗಿದ್ದರೆ? ಸುಬ್ರಾಯ ಜನರ ಕಡೆ ಬೆನ್ನು ತಿರುಗಿಸಿ ನಿಂತ. ಅವಳು ಚಕ್ರವನ್ನು ಮತ್ತೂ ಅದುಮಿ, ಮೈಭಾರವೆಲ್ಲ ಬೆಸುಗೆಯ ಮೇಲೆ ಬಿಟ್ಟಳು.

ಒಂದು ಗುಳ್ಳೆ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಅದೇ ಜಾಗದಿಂದ, ಬೆಸುಗೆಯ ಉದ್ದಕ್ಕೂ, ಬಿಡದೆ ಬಂದವು.

“ಪಾಯಸ ಕುದಿಯಲಿಕ್ಕೆ ಹಿಡಿಯಿತು!” ಎಂದು ಅಚ್ಯುತ ಕನ್ನಡದಲ್ಲೇ ಕೂಗಿದ. ಯಾರಿಗೂ ಅರ್ಥವಾಗದಿದ್ದರೂ ಎಲ್ಲರೂ ಚಪ್ಪಾಳೆ ತಟ್ಟಿದರು.

ಕುರಿಯಾಕೋಸ್ ಬಗ್ಗಿ ನೋಡಿದ, ನೀರಿಗೆ ಬೆರಳು ಹಾಕಿ ಮುಟ್ಟಿ ನೋಡಿದ. ಕೆಟ್ಟ ಮನುಷ್ಯನಲ್ಲ, ಕಂಡದ್ದನ್ನು ಇಲ್ಲವೆನ್ನಲಿಲ್ಲ. ಆದರೆ ಮತ್ತೆ ಸುಬ್ರಾಯನ ಕಡೆಗೇ ತಿರುಗಿದ. “ಸಾರೇ, ಕಂಪನಿಗೆ ಬರೆಯುತ್ತೇನೆ. ಹೊಸ ರಿಮ್ ಬರಲು ಎರಡು ಮೂರು ತಿಂಗಳಾಗುತ್ತೆ. ಅಷ್ಟು ಯಾಕೆ ತೊಂದರೆ? ಬೈಕು ನಿಮ್ಮ ಹೆಸರಲ್ಲಿದೆ. ನೀವೊಂದು ಮಾತು ಹೇಳಿ, ಪೂರ್ತಿ ದುಡ್ಡು ಕೊಟ್ಟು ವಾಪಸ್ ತೆಗೆದುಕೊಳ್ಳುತ್ತೇನೆ.”

ಸುಬ್ರಾಯ ಬೈಕು ಬಂದ ದಿನದಿಂದ ಬೇಡುತ್ತಿದ್ದ ವರ ಕಾಲಬುಡಕ್ಕೆ ಬಂದು ಬಿದ್ದಿತ್ತು. ಅವನ ಬಾಯಿ ತೆರೆದದ್ದನ್ನು ಸುಮಿತ್ರ ಕಂಡಳು. ಕೈ ನೀರಿನಲ್ಲೇ ಇತ್ತು, ತೆಗೆಯಲಿಲ್ಲ.

“ಕೊಡುದಾದ್ರೆ ಕೊಡು ಅಣ್ಣ. ಹೆಸರು ನಿನ್ನದು. ಆದ್ರೆ ಸೋಮವಾರ ಆರಕ್ಕೆ ನಾನು ಆ ಗೇಟಿನಲ್ಲಿ ಇರ್ತೇನೆ. ಹಿಂದಿನ ರಾತ್ರಿಯೇ ಹೊರಟು ನಡೆದಾದ್ರೂ ಇರ್ತೇನೆ. ದಾರಿಯಲ್ಲಿ ಯಾರಾದ್ರೂ ಕೇಳಿದ್ರೆ, ಗುಳ್ಳೆ ಕಂಡ ಮೇಲೂ ನನ್ನಣ್ಣ ಗಾಡಿ ಮಾರಿದ ಅಂತ ಹೇಳ್ತೇನೆ.”

ಸುಬ್ರಾಯ ಕೊಪ್ಪರಿಗೆಯ ಹತ್ತಿರ ಬಂದ. ತಂಗಿಯ ಒದ್ದೆ ತೋಳುಗಳನ್ನು, ಅವುಗಳ ನಡುವೆ ಬರುತ್ತಲೇ ಇದ್ದ ಗುಳ್ಳೆಗಳನ್ನು ನೋಡಿದ. ನಾಚಿಕೆಯಾಯಿತು ಅವನಿಗೆ, ನೆಂಟರ ಮುಂದೆ ಆಗುವ ಬಗೆಯದಲ್ಲ, ಬೇರೆಯದು. “ಓಡಿಸುವವಳು ಅವಳು” ಅಂದ ಮ್ಯಾನೇಜರಿಗೆ. “ಸಾರೇ ಸಾರೇ ಅಂತ ನನ್ನನ್ನು ಯಾಕೆ ಕರೀತೀರಿ? ಅವಳ ಹತ್ತಿರ ಮಾತಾಡಿ.”

ಕುರಿಯಾಕೋಸ್ ತಿರುಗಲೇಬೇಕಾಯಿತು. “ಚೇಚಿ, ಸತ್ಯವಾಗಿ ರಿಮ್ ಸ್ಟಾಕಿಲ್ಲ.”

“ಅಲ್ಲೊಂದು ಉಂಟಲ್ಲ” ಎಂದು ಸುಮಿತ್ರ ಗಾಜಿನ ಒಳಗೆ ತೋರಿಸಿದಳು. ಕೆಂಪು ಮಖಮಲ್ಲಿನ ಮೇಲೆ, ಹೂಮಾಲೆ ಹಾಕಿಸಿಕೊಂಡು, ಅದೇ ಮಾದರಿಯ ಬೈಕೊಂದು ನಿಂತಿತ್ತು.

“ಅದು ಶೋಪೀಸ್ ಚೇಚಿ! ಅದರ ಚಕ್ರ ಕೊಟ್ಟರೆ ಅದಕ್ಕೆ ಏನು ಹಾಕಲಿ?”

“ಇದನ್ನೇ ಹಾಕಿ. ನಿಂತೇ ಇರುವ ಬೈಕಿಗೆ ಗಾಳಿ ಯಾಕೆ?”

ಜನ ಹೋ ಎಂದು ನಕ್ಕರು. ಕುರಿಯಾಕೋಸನಿಗೂ ನಗು ಬಂತು, ಈ ಸಲದ್ದು ಮೀಸಲಿನ ನಗುವಲ್ಲ. ಮೆಕ್ಯಾನಿಕ್ ಹೋಗಿ ಮಾಲೆ ಸರಿಸಿ ಚಕ್ರ ಬಿಚ್ಚಿದ. ಸುಮಿತ್ರ ಅದನ್ನೂ ಕೊಪ್ಪರಿಗೆಗೆ ಹಾಕಿ ಅದುಮಿ, ಮೊದಲ ಗುಳ್ಳೆಗಳೆಲ್ಲ ನಿಂತು ನೀರು ತಿಳಿಯಾದ ಮೇಲೂ ಎಲ್ಲರ ಸಹನೆ ತೀರುವಷ್ಟು ಹೊತ್ತು ಕಾದಳು. ಒಂದೂ ಬರಲಿಲ್ಲ. ಅಚ್ಯುತ ಮಾತ್ರ ಒಳಗೊಳಗೇ ಹುಣಸೆಹಣ್ಣಿನ ಲೆಕ್ಕ ಹಾಕುತ್ತಿದ್ದ.

ಭಾನುವಾರದ ಬಸ್ಸಿಗೆ ಚಕ್ರ ಹತ್ತಿಸಲು ಸುಬ್ರಾಯನೇ ಬಂದ. ಬಸ್ಸು ಹೊರಡುವವರೆಗೆ ಹವೆಯ ವಿಷಯ ಮಾತಾಡಿ, ಹೊರಟಾಗ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದು, “ಬ್ರೇಕು ಜೋರು ಒತ್ತಬೇಡ” ಅಂದ. ಸಂಜೆ ಓಣಿಯ ವರಾಂಡಗಳೆಲ್ಲ ನೋಡುತ್ತಿರುವಾಗಲೇ ಸುಮಿತ್ರ ಚಕ್ರ ಕೂರಿಸಿ, ಚೈನ್ ಬಿಗಿದು, ಇಟ್ಟಿಗೆಗಳನ್ನು ಕಾಲಿನಿಂದ ಸರಿಸಿದಳು.

ಸೋಮವಾರ ಅವಳು ಗೇಟು ತಲುಪಿದಾಗ ವ್ಯಾನು ಇನ್ನೂ ಬಂದಿರಲಿಲ್ಲ. ಶ್ರೀಕಂಠ ಮಾತ್ರ ಬೇಗ ಬಂದು ಗೇಟಿನ ಪಕ್ಕ ನಿಂತಿದ್ದರು. ನೋಡಲೆಂದೇ ನಿಂತಿದ್ದರೆಂದು ಅವರ ಮುಖವೇ ಹೇಳುತ್ತಿತ್ತು. ಗಡಿಯಾರ ನೋಡಿಕೊಂಡರು, ಹಿಂದಿನ ಚಕ್ರವನ್ನು ನೋಡಿದರು, ಅದು ದುಂಡಗೆ ನಿಂತಿತ್ತು.

“ಸರಿ ಮಾಡಿಸ್ಕೊಂಡ್ಬಂದ್ರಿ, ಸಂತೋಷ” ಅಂದರು. “ಆದ್ರೆ ನಾಳೆ ಮುಂದಿನ ಚಕ್ರ ಕೈಕೊಟ್ರೆ ಏನ್ರೀ ಮಾಡ್ತೀರಿ?”

ಸುಮಿತ್ರ ಎಂಜಿನ್ ಆರಿಸಿ, ಬೈಕನ್ನು ಸ್ಟ್ಯಾಂಡಿಗೆ ಎಳೆದು ನಿಲ್ಲಿಸಿದಳು.

“ಅದನ್ನು ಬಿಚ್ಚುದು ಇನ್ನೂ ಸುಲಭ ಸರ್” ಅಂದಳು. “ಅದಕ್ಕೆ ಚೈನ್ ಇಲ್ಲ.”